ಆಆಆಆ ಅವರ ಸುಲಭ ಕೆನೆ ಸೂಪು

ಒಂಬತ್ತನೇ ಮಟ್ಟ, ಕೋಲಾರದ ಹಳೇ ಚಿನ್ನದ ಗಣಿ
ಫೆಬ್ರವರಿ 31, 2388
ಮಧ್ಯಾಹ್ನದ ದೀಪ ಹಾಕಿದ ಹೊತ್ತು

ಶ್ರೀ ಅಥವಾ ಶ್ರೀಮತಿ ಆಆಆಆ ಅವರ ಸನ್ನಿಧಾನಕ್ಕೆ ಪಿಳ್ಳಪ್ಪನು ಮಾಡುವ ವಂದನೆಗಳು.

ಮೇಲಿನ ತಾರೀಖನ್ನು ನೋಡಿ ಗಾಬರಿಯಾಗಬೇಡಿ. ಫೆಬ್ರವರಿಗೆ ಮೊದಲಿನಿಂದಲೂ ಅನ್ಯಾಯವಾಗಿದೆ ಎಂದು ನಮ್ಮ ಮುತ್ತಜ್ಜಂದಿರ ಕಾಲದಲ್ಲಿ ಯಾರೋ ಅರ್ಜಿ ಹಾಕಿ ಅದಕ್ಕೆ ಮೂರು ದಿನ ಕೊಡಿಸಿದರು. ಸೂರ್ಯನೇ ಕಾಣದ ಊರಿನಲ್ಲಿ ಯಾವ ತಿಂಗಳಿಗೆ ಎಷ್ಟು ದಿನ ಹಂಚಿದರೇನು? ಆಮೇಲೆ ನನ್ನ ಭಾಷೆಗೂ ಕ್ಷಮೆ ಇರಲಿ. ನಾನು ಇಲ್ಲಿನ ಹಳೆನುಡಿ ಕಚೇರಿಯ ನೌಕರ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಉಳಿದುಕೊಂಡಿರುವ ಮೂರು ಗ್ರಂಥಗಳಿಂದ. ಒಂದು, ಮದುವೆಯ ಕರೆಯೋಲೆ. ಎರಡು, ಬಾಡಿಗೆ ಮನೆಯ ಕರಾರುಪತ್ರ. ಮೂರು, ಕುಕ್ಕರು ಎಂಬ ಯುದ್ಧಸಾಮಗ್ರಿಯ ಕೈಪಿಡಿ. ಅದರಲ್ಲಿ ಅಡುಗೆಯ ಮಾತು ಒಂದೂ ಇಲ್ಲ, ಸಿಡಿಯುವ ಮಾತು ಹನ್ನೊಂದು ಕಡೆ ಇದೆ. ಆದ್ದರಿಂದ ನಡುವೆ ಎಲ್ಲಾದರೂ ‘ಸಕುಟುಂಬ ಸಪರಿವಾರ’ ಎಂದೋ, ‘ಗೋಡೆಗೆ ಮೊಳೆ ಹೊಡೆಯತಕ್ಕದ್ದಲ್ಲ’ ಎಂದೋ, ‘ರಬ್ಬರ್ ಉಂಗುರವನ್ನು ಪರೀಕ್ಷಿಸಿ’ ಎಂದೋ ನುಸುಳಿದರೆ ಅದನ್ನು ನನ್ನ ಗೌರವದ ಭಾಷೆ ಎಂದು ತಿಳಿಯತಕ್ಕದ್ದು.

ಈ ಪತ್ರವನ್ನು ನಾನು ಒಲೆಯ ಪಕ್ಕದಲ್ಲಿ ಕೂತು ಬರೆಯುತ್ತಿದ್ದೇನೆ. ಒಲೆಯ ಮೇಲೆ ಪಾತ್ರೆ ಇದೆ. ಪಾತ್ರೆಯ ಮೇಲೆ ಮುಚ್ಚಳ ಇದೆ. ಮುಚ್ಚಳದ ಕೆಳಗೆ ನನ್ನ ಅಕ್ಕ ಅಕ್ಕಯಮ್ಮನ ಮೂರು ವರ್ಷದ ಬಾಳು ಇದೆ. ಅಕ್ಕ, ಇದನ್ನು ಕುಡಿದು ತೀರ್ಪು ಹೇಳಬೇಕಾದ ಪಂಚರನ್ನು ಕರೆತರಲು ಆರನೇ ಮಟ್ಟಕ್ಕೆ ಹೋಗಿದ್ದಾಳೆ. ಹೋಗುವ ಮೊದಲು ಬಾಗಿಲಲ್ಲಿ ತಿರುಗಿ ನಿಂತು, "ಪಿಳ್ಳಾ, ಮುಚ್ಚಳ ಮುಟ್ಟಿದ್ಯೋ, ನೀನು ನನ್ನ ತಮ್ಮನೇ ಅಲ್ಲ" ಎಂದು ಹೇಳಿಹೋದಳು. ಹೀಗಾಗಿ ಈ ಪತ್ರಕ್ಕೆ ಘನವಾದ ಚಾರಿತ್ರಿಕ ಉದ್ದೇಶವೇನೂ ಇಲ್ಲ. ಕೈ ಸುಮ್ಮನಿದ್ದರೆ ಅದು ಮುಚ್ಚಳ ತೆಗೆಯುತ್ತದೆ. ಅದಕ್ಕೇ ಅದರ ಕೈಗೆ ಪೆನ್ನು ಕೊಟ್ಟಿದ್ದೇನೆ.

ಇದನ್ನು ಹಿಂದಂಚೆಯಲ್ಲಿ ಹಾಕುತ್ತೇನೆ. ಹಿಂದಂಚೆ ಎಂದರೆ ಹನ್ನೆರಡನೇ ಮಟ್ಟದಲ್ಲಿರುವ ಒಂದು ಕೊಳವೆ. ಅದರೊಳಗೆ ಹಾಕಿದ್ದು ಹಿಂದಿನ ಕಾಲಕ್ಕೆ ಹೋಗುತ್ತದೆ ಎಂದು ಅಲ್ಲಿನವರು ಹೇಳುತ್ತಾರೆ. ಹೋದದ್ದಕ್ಕೆ ಸಾಕ್ಷಿ ಏನೆಂದು ಕೇಳಿದರೆ, ಹಾಕಿದ್ದು ಅಲ್ಲಿಲ್ಲವಲ್ಲ ಎನ್ನುತ್ತಾರೆ.

ನಾಲ್ಕು ನಿಮಿಷವಾಯಿತು. ಒಳಗೆ ಏನೂ ಸದ್ದಿಲ್ಲ.

ನಮ್ಮ ಬದುಕಿನ ಬಗ್ಗೆ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ನನ್ನ ಚಡಪಡಿಕೆ ನಿಮಗೆ ಅರ್ಥವಾಗುವುದಿಲ್ಲ. ಮೇಲಿನ ನೆಲ ಕಾಲಿಡಲಾಗದಷ್ಟು ಕಾದ ಮೇಲೆ ನಮ್ಮ ಹಿರಿಯರು ಇಲ್ಲಿಗೆ ಇಳಿದರು. ಬಂಗಾರ ತೆಗೆದು ಬರಿದು ಮಾಡಿದ ಜಾಗದಲ್ಲಿ ಮನೆಗಳಿವೆ, ಬೀದಿಗಳಿವೆ, ಹನ್ನೊಂದು ಮೇಕೆಗಳಿವೆ, ಜಗಳಗಳಿಗೂ ಕೊರತೆ ಇಲ್ಲ. ಊಟಕ್ಕೆ ಗೋಡೆಮುದ್ದೆ. ಪ್ರತಿ ಮನೆಯ ಗೋಡೆಯಲ್ಲೂ ಒಂದು ತೂತು, ತೂತಿನ ಪಕ್ಕ ಒಂದು ಗುಂಡಿ. ಒತ್ತಿದರೆ ಎರಡು ಸೆಕೆಂಡಿಗೆ ಮುಷ್ಟಿಗಾತ್ರದ ಬೂದುಬಣ್ಣದ ಮುದ್ದೆ ತಟ್ಟೆಗೆ ಬೀಳುತ್ತದೆ. ಅದಕ್ಕೆ ರುಚಿ ಇಲ್ಲ. ಕೆಟ್ಟದಾಗಿದೆ ಎಂದು ಅರ್ಥವಲ್ಲ; ಕೆಟ್ಟದಾಗಿರಲೂ ಸ್ವಲ್ಪ ರುಚಿ ಬೇಕಲ್ಲ. ಪ್ರತಿಯೊಬ್ಬರ ಮಣಿಕಟ್ಟಿನಲ್ಲೂ ಒಂದು ಚುಕ್ಕಿಪಟ್ಟಿ ಇರುತ್ತದೆ, ಅದರಲ್ಲಿ ಐದು ದೀಪದ ಚುಕ್ಕಿ. ಮುದ್ದೆ ನುಂಗಿದರೆ ಒಂದು ಚುಕ್ಕಿ ಹೊತ್ತಿಕೊಳ್ಳುತ್ತದೆ. ಅದು ನಂದಿದಾಗ ಇನ್ನೊಂದು ಮುದ್ದೆ. ಎರಡು ಸೆಕೆಂಡಿಗಿಂತ ಹೆಚ್ಚು ಕಾಲ ಊಟಕ್ಕಾಗಿ ಕಾದವರು ನಮ್ಮ ಮಟ್ಟದಲ್ಲಿ ಯಾರೂ ಇಲ್ಲ. ಕಾಯುವ ನರವೇ ನಮ್ಮಲ್ಲಿ ಬತ್ತಿಹೋಗಿದೆ.

ಬೆಂಕಿ ಹಚ್ಚಲು ಬೆಂಕಿಪಾಸು ಬೇಕು, ಏಕೆಂದರೆ ಇಲ್ಲಿನ ಗಾಳಿ ಎಲ್ಲರ ಪಾಲಿನದು. ಅಕ್ಕನಿಗೆ ಸಿಕ್ಕಿರುವ ಪಾಸು ನಲವತ್ತು ನಿಮಿಷದ್ದು. ನಲವತ್ತನೇ ನಿಮಿಷಕ್ಕೆ ಬೆಂಕಿ ಕಾವಲಿನ ಸೆಲ್ವಮಣಿ ಬಂದು ಒಲೆಯ ಮೇಲೆ ಮರಳು ಸುರಿದು ಹೋಗುತ್ತಾನೆ. ಒಳ್ಳೆಯ ಮನುಷ್ಯ, ಆದರೆ ಗಡಿಯಾರ ಕಟ್ಟಿಕೊಂಡಿದ್ದಾನೆ.

ಏಳು ನಿಮಿಷ.

ಈಗ ತಮ್ಮ ವಿಷಯಕ್ಕೆ ಬರುತ್ತೇನೆ. ಏಳು ವರ್ಷದ ಹಿಂದೆ ಮೇಲಿನ ನೆಲದಿಂದ ಗಣಿಬಾಯಿಯೊಳಗೆ ಉರುಳಿಬಿದ್ದ ಒಂದು ಸ್ಟೀಲ್ ಡಬ್ಬಿ ಸಿಕ್ಕಿತು. ಮುಚ್ಚಳ ಎಷ್ಟು ಬಿಗಿಯಾಗಿತ್ತೆಂದರೆ ಮೂರು ಶತಮಾನದ ಗಾಳಿ, ಧೂಳು, ತೇವ ಯಾವುದಕ್ಕೂ ಒಳಗೆ ಹೋಗಲು ಆಗಿರಲಿಲ್ಲ, ನಮಗೂ ಆಗಲಿಲ್ಲ. ಕೊನೆಗೆ ನಾಲ್ಕು ಜನ ಹಿಡಿದು, ಒಬ್ಬ ಬೈದು, ತೆಗೆದೆವು. ಒಳಗೆ ಚಕ್ಕುಲಿಯ ಒಂದು ತುಂಡು (ಈಗ ಅದು ಗಾಜಿನ ಪೆಟ್ಟಿಗೆಯಲ್ಲಿದೆ), ಒಂದು ಕೈಯಾಟದ ಯಂತ್ರ ಮತ್ತು ನಾಲ್ಕಾಗಿ ಮಡಿಸಿದ ಒಂದು ಚೀಟಿ. ಯಂತ್ರಕ್ಕೆ ಜೀವ ಬರಿಸಿದಾಗ ಆಟ ಶುರುವಾಯಿತು. ನೀಲಿ ಛತ್ರಿ ಹಿಡಿದ ಹುಡುಗಿಯೊಬ್ಬಳು ಬೆನ್ನಿಗೆ ಪಾತ್ರೆ ಕಟ್ಟಿಕೊಂಡು ಬೆಟ್ಟ ಗುಡ್ಡ ಸುತ್ತುತ್ತಾಳೆ. ಆಯಾಸವಾದಾಗ ಪಾತ್ರೆ ಇಳಿಸಿ ದೂರದಿಂದ ಕುಂಬಳಕಾಯಿ, ಹಾಲು, ಬೆಣ್ಣೆ ಎಸೆಯುತ್ತಾಳೆ. ಪಾತ್ರೆ ಮೂರು ಸುತ್ತು ಸುತ್ತುತ್ತದೆ, ಟಿಣಿಂಗ್ ಎನ್ನುತ್ತದೆ, ಒಂದು ಬಟ್ಟಲು ಕೆನೆ ಸೂಪು ರೆಡಿ. ನಾಲ್ಕು ಸೆಕೆಂಡು. ಅದನ್ನು ಕುಡಿದರೆ ಹುಡುಗಿಯ ತಲೆಯ ಮೇಲಿನ ಐದೂ ಚುಕ್ಕಿ ಹೊತ್ತಿಕೊಳ್ಳುತ್ತವೆ. ಆಟಗಾರರ ಹೆಸರು ಎಂಬಲ್ಲಿ ‘ಆಆಆಆ’ ಎಂದಿತ್ತು. ಅದು ಗುಂಡಿಯನ್ನು ಸುಮ್ಮನೆ ನಾಲ್ಕು ಸಲ ಒತ್ತಿದ್ದು ಎಂದು ಕೆಲವು ಅಜ್ಞಾನಿಗಳು ಹೇಳಿದರು. ಸೂಪು ಕುಡಿದಾಗ ಹೊರಡುವ ಉದ್ಗಾರವನ್ನೇ ನೀವು ಹೆಸರಾಗಿ ಧರಿಸಿದ್ದೀರಿ ಎಂದು ನಾನು ಪ್ರಬಂಧ ಬರೆದೆ. ಆ ಸೂಪನ್ನು ನೀವು ನಾನೂರ ಹನ್ನೆರಡು ಸಲ ಮಾಡಿದ ದಾಖಲೆ ಯಂತ್ರದಲ್ಲಿದೆ. ಪೂರ್ವಿಕರೆಲ್ಲರೂ ಹೀಗೇ ಅಡುಗೆ ಮಾಡುತ್ತಿದ್ದರು ಎಂದು ನಾವು ತೀರ್ಮಾನಿಸಿದೆವು. ಬೇರೆ ಆಧಾರವಾದರೂ ಏನಿತ್ತು? ಕುಕ್ಕರಿನ ಕೈಪಿಡಿಯೋ?

ಚೀಟಿಯನ್ನು ಓದುವ ಭಾಗ್ಯ ನನ್ನದಾಯಿತು. ನಿಮ್ಮ ಕೈಬರಹ ಹೀಗಿತ್ತು:

‘ಸುಲಭ ಕೆನೆ ಸೂಪು, ಆಟದಲ್ಲಿ ಇರೋ ಥರ. ಸಿಪ್ಪೆ ತೆಗಿ. ಹೋಳು ಮಾಡು. ಬೆಣ್ಣೇಲಿ ಹೊರಳಿಸು, ಮುಳುಗೋಷ್ಟು ನೀರು. ಸಣ್ಣ ಉರಿ. ಮುಚ್ಚಳ ತೆಗೀಬೇಡ. ಮೆತ್ತಗಾದ್ಮೇಲೆ ಮಸಿ. ಕೊನೇಲಿ ಹಾಲು, ಒಂದು ಕುದಿ. ಉಪ್ಪು ರುಚಿಗೆ ತಕ್ಕಷ್ಟು, ಅಮ್ಮನ್ನ ಕೇಳು.’

ಅದರ ಕೆಳಗೆ ಬೇರೆ ಯಾರದೋ ದುಂಡಗಿನ ಅಕ್ಷರದಲ್ಲಿ, ಎರಡು ಸಲ ಅಡಿಗೆರೆ ಎಳೆದು: ‘ಮೊದ್ಲು ಕೈ ತೊಳಿ!’ ಆ ಸಾಲಿನ ಮೇಲೆಯೇ ಒಣಗಿದ ಹಳದಿ ಕಲೆಯ ನಡುವೆ ಚಪ್ಪಟೆಯಾದ, ಬೆಳ್ಳಗಿನ ಏನೋ ಒಂದು ಅಂಟಿಕೊಂಡಿತ್ತು.

ಸ್ವಾಮಿ, ಅಥವಾ ತಾಯಿ, ನಾನು ಇದನ್ನು ಪ್ರಾರ್ಥನೆ ಎಂದು ಅನುವಾದ ಮಾಡಿದೆ. ನಗಬೇಡಿ. ಆಟದಲ್ಲಿ ನಾಲ್ಕು ಸೆಕೆಂಡಿಗೆ ಆಗುವ ಕೆಲಸಕ್ಕೆ ಇಷ್ಟೊಂದು ವಿಧಿನಿಯಮ ಬೇಕಾಗುತ್ತದೆ ಎಂದು ಯಾರು ಊಹಿಸಿಯಾರು? ಸಿಪ್ಪೆ ತೆಗಿ ಎಂದರೆ ಅಹಂಕಾರವನ್ನು ಸುಲಿ. ಸಣ್ಣ ಉರಿ ಎಂದರೆ ಒಳಗಿನ ಪುಟ್ಟ ದೀಪ. ಮುಚ್ಚಳ ತೆಗೀಬೇಡ ಎಂದರೆ ಮಾತು ಕಡಿಮೆ ಮಾಡು. ಅಮ್ಮನ್ನ ಕೇಳು ಎಂದರೆ ಜಗನ್ಮಾತೆಗೆ ಮೊರೆ ಹೋಗು. ಕೈ ತೊಳಿ ಎಂದರೆ ಸಂಸಾರದಿಂದಲೇ ಕೈ ತೊಳೆದುಕೋ. ಅಂಟಿದ್ದ ಬಿಳಿ ವಸ್ತುವನ್ನು ಯಾವುದೋ ಪೀಠದ ಮುದ್ರೆ ಎಂದು ಗುರುತಿಸಿದೆ. ನನಗೆ ಶಾಲು ಹೊದಿಸಿದರು. ಅಂದಿನಿಂದ ಒಂಬತ್ತನೇ ಮಟ್ಟದ ಶಾಲೆಯಲ್ಲಿ ಮಕ್ಕಳು ಪ್ರತಿ ಬೆಳಗ್ಗೆ ಕೈಮುಗಿದು ಕಣ್ಣುಮುಚ್ಚಿ, ‘ಬೆಣ್ಣೇಲಿ ಹೊರಳಿಸು’ ಎಂದು ರಾಗವಾಗಿ ಹೇಳುತ್ತಿದ್ದಾರೆ. ಸಾವಿನ ಮನೆಯಲ್ಲೂ ಹೇಳುತ್ತಾರೆ. ‘ಮೆತ್ತಗಾದ್ಮೇಲೆ ಮಸಿ’ ಎಂಬಲ್ಲಿ ಎಂಥವರಿಗೂ ಕಣ್ಣೀರು ಬರುತ್ತದೆ.

ಹನ್ನೊಂದು ನಿಮಿಷ. ಒಳಗಿನಿಂದ ಪುಸ್ ಎಂದು ಏನೋ ಉಸಿರು ಬಿಟ್ಟಿತು. ಸಿಡಿಯುವ ಮುನ್ಸೂಚನೆಯೇ? ನನ್ನ ಬಳಿ ಇರುವ ಕೈಪಿಡಿಯ ಪ್ರಕಾರ ಎಲ್ಲವೂ ಸಿಡಿಯುವ ಮುನ್ಸೂಚನೆಯೇ. ಮುಚ್ಚಳ ಮುಟ್ಟಿಲ್ಲ. ದೂರ ಕೂತಿದ್ದೇನೆ.

ಚೀಟಿಯನ್ನು ನಮ್ಮ ಮನೆಯಲ್ಲಿಟ್ಟಿದ್ದಾಗ ಅಕ್ಕ ಅದನ್ನು ಒರೆಸಿ ಶುದ್ಧ ಮಾಡಲು ಹೋಗಿ ಮುದ್ರೆಯನ್ನು ಕಿತ್ತಳು. ನಾನು ಕೂಗಾಡಿದೆ. "ಮುದ್ರೆಯಲ್ವೋ, ಇದು ಬೀಜ ಇದ್ದಂಗಿದೆ" ಎಂದಳು. ನನಗಿಂತ ನಾಲ್ಕು ತರಗತಿ ಕಡಿಮೆ ಓದಿದವಳು, ಅವಳಿಗೇನು ಗೊತ್ತು ಎಂದು ನಾನು ಸುಮ್ಮನಾದೆ. ಅವಳು ಅದನ್ನು ಮೇಕೆ ಕೊಟ್ಟಿಗೆಯ ಗೊಬ್ಬರದಲ್ಲಿ ಊರಿ ಮೇಲೊಂದು ದೀಪ ತೂಗುಹಾಕಿದಳು. ಹನ್ನೆರಡನೇ ದಿನಕ್ಕೆ ಮುದ್ರೆ ಮೊಳಕೆಯೊಡೆಯಿತು. ಬಳ್ಳಿಯಾಯಿತು. ಮೊದಲ ವರ್ಷ ಬರೀ ಎಲೆ. ಎರಡನೇ ವರ್ಷ ಗಿಣ್ಣು ಮುರಿದು ನೆಟ್ಟಳು, ಹೂವು ಬಿಟ್ಟು ಉದುರಿದವು. ಮೂರನೇ ವರ್ಷ ಮೇಕೆಯ ಗಡ್ಡದ ಕೂದಲಲ್ಲಿ ಬ್ರಷ್ ಮಾಡಿಕೊಂಡು, ದುಂಬಿಯ ಕೆಲಸವನ್ನು ತಾನೇ ಮಾಡಿದಳು. ಹೂವಿನಿಂದ ಹೂವಿಗೆ ಹೋಗುವಾಗ ಬಾಯಲ್ಲಿ ಗುಂಯ್ ಎನ್ನುತ್ತಿದ್ದಳು, ಹೂವಿಗೆ ಅನುಮಾನ ಬಾರದಿರಲಿ ಎಂದು. ಅವಳಿಗೆ ಮಕ್ಕಳಿಲ್ಲ, ಬಳ್ಳಿಯೇ ಮಗು ಎಂದು ಬರೆದು ನಿಮ್ಮ ಕಣ್ಣು ಒದ್ದೆ ಮಾಡಬಹುದಿತ್ತು. ಆದರೆ ಅವಳಿಗೆ ಮೂರು ಮಕ್ಕಳಿದ್ದಾರೆ, ಮೂವರಿಗೂ ಬಳ್ಳಿಯನ್ನು ಕಂಡರೆ ಹೊಟ್ಟೆಕಿಚ್ಚು. ಅಂತೂ ಎರಡು ಕಾಯಿ ನಿಂತವು.

ಕಾಯಿ ನಿಂತ ಸುದ್ದಿ ಬೀಜಪಂಚರಿಗೆ ಮುಟ್ಟಿತು. ಬೀಜಪಂಚರೆಂದರೆ ಮೂವರು; ಹಿರಿಯ ಬೈಚಪ್ಪ, ಮತ್ತು ಬೈಚಪ್ಪ ತಲೆಯಾಡಿಸಿದಾಗ ತಲೆಯಾಡಿಸುವ ಇಬ್ಬರು. ನಿಯಮ ಸರಳ. ಸಿಕ್ಕಿದ ಗಿಡ ಊಟಕ್ಕೆ ಬಂದರೆ ಅದರ ಬೀಜವನ್ನು ಮನೆಮನೆಗೆ ಹಂಚಬೇಕು. ಊಟಕ್ಕೆ ಬಾರದಿದ್ದರೆ ಅದು ಪ್ರದರ್ಶನ ವಸ್ತು. ಗಾಜಿನೊಳಗೆ ಹೋಗುತ್ತದೆ, ನೆಟ್ಟವರು ಸೋಮವಾರ ಒಂದು ಗಂಟೆ ಹೊರಗೆ ನಿಂತು ನೋಡಬಹುದು. ಊಟ ಹೌದೋ ಅಲ್ಲವೋ ತಿಳಿಯುವುದು ಹೇಗೆ? ತಿಂದಾಗ ಚುಕ್ಕಿ ಹೊತ್ತಿಕೊಳ್ಳಬೇಕು. ಎರಡು ಅವಕಾಶ. ಆಟದಲ್ಲಿ ಮೂರಿದೆ, ಒಂದನ್ನು ಪಂಚಾಯ್ತಿಯ ಖರ್ಚಿಗೆ ಹಿಡಿದುಕೊಳ್ಳುತ್ತಾರೆ.

ಹೋದ ತಿಂಗಳು ಮೊದಲ ಅವಕಾಶ. ಶಾಸ್ತ್ರೋಕ್ತವಾಗಿ ಮಾಡಿದೆವು. ಅಕ್ಕ ನೀಲಿ ಬಟ್ಟೆಯ ಛತ್ರಿ ಹಿಡಿದು ಮೂರು ಮಾರು ದೂರ ನಿಂತು ಕುಂಬಳಕಾಯಿಯನ್ನು ಇಡಿಯಾಗಿ ಎಸೆದಳು. ಹಾಲನ್ನು ಬಾಟಲಿಯ ಸಮೇತ ಎಸೆದಳು. ಬೆಣ್ಣೆ ಗುರಿ ತಪ್ಪಿ ಬೈಚಪ್ಪನವರ ಭುಜಕ್ಕೆ ಬಿತ್ತು. ಪಾತ್ರೆ ತಾನಾಗಿ ಸುತ್ತದಿದ್ದಾಗ ನಾನು ಬಟ್ಟೆ ಹಿಡಿದು ಮೂರು ಸುತ್ತು ಸುತ್ತಿಸಿದೆ. ಶಾಲೆಯ ಮಕ್ಕಳು ಒಕ್ಕೊರಲಿನಿಂದ ಟಿಣಿಂಗ್ ಎಂದರು. ನಾಲ್ಕು ಸೆಕೆಂಡಿಗೆ ಇಳಿಸಿದೆವು. ಕುಂಬಳಕಾಯಿ ಹೋದ ಹಾಗೇ ಬಂತು, ಒಂದು ಪಕ್ಕ ಸ್ವಲ್ಪ ಬೆಚ್ಚಗಾಗಿತ್ತು ಅಷ್ಟೆ. ಬೈಚಪ್ಪ ಅದರ ಸಿಪ್ಪೆಯನ್ನು ನೆಕ್ಕಿ ಮಣಿಕಟ್ಟು ನೋಡಿಕೊಂಡು ‘ಸೊನ್ನೆ’ ಎಂದು ಬರೆದರು. ಆ ಕಾಯಿ ಈಗ ಚಕ್ಕುಲಿಯ ಪಕ್ಕದಲ್ಲಿ ಗಾಜಿನೊಳಗಿದೆ.

ಆ ಸಂಜೆ ಅಕ್ಕನ ಚಿಕ್ಕ ಮಗಳು ಮೂಲೆಯಲ್ಲಿ ಕೂತು ನಾಳೆಯ ಪ್ರಾರ್ಥನೆ ಬಾಯಿಪಾಠ ಮಾಡುತ್ತಿದ್ದಳು. ‘ಸಿಪ್ಪೆ ತೆಗಿ, ಹೋಳು ಮಾಡು’ ಎಂದಳು. ಅಕ್ಕ ತಲೆ ಎತ್ತಿದಳು. ‘ಬೆಣ್ಣೇಲಿ ಹೊರಳಿಸು.’ ಅಕ್ಕ ನನ್ನ ಕಡೆ ನೋಡಿದಳು. ಆ ನೋಟವನ್ನು ನಿಮ್ಮ ಮೂರು ಗ್ರಂಥಗಳ ಭಾಷೆಯಲ್ಲಿ ವರ್ಣಿಸಲಾರೆ.

"ಪಿಳ್ಳಾ."

"ಏನಕ್ಕಾ?"

"ಇದು ಪ್ರಾರ್ಥನೆ ಅಲ್ಲ ಕಣೋ. ಅಡಿಗೆ."

"ಅಕ್ಕಾ, ನಂಗೆ ಇದಕ್ಕೆ ಶಾಲು ಹೊದಿಸಿದಾರೆ."

"ಆ ಶಾಲು ಇತ್ಲಾಗ್ ಕೊಡು. ಪಾತ್ರೆ ಇಳಿಸೋಕೆ ಬಟ್ಟೆ ಬೇಕು."

ಇಂದು ಎರಡನೇ ಅವಕಾಶ, ಕೊನೆಯ ಕಾಯಿ. ಸಿಪ್ಪೆ ತೆಗೆದದ್ದಾಯಿತು, ಹೋಳು ಮಾಡಿದ್ದಾಯಿತು, ಬೆಣ್ಣೆಯಲ್ಲಿ ಹೊರಳಿಸಿದ್ದಾಯಿತು. ಆಗ ಎದ್ದ ವಾಸನೆಗೆ ಪಕ್ಕದ ಮೂರು ಮನೆಯವರು ಏನೋ ಅಪಘಾತವಾಗಿದೆ ಎಂದು ಓಡಿಬಂದರು; ಬಂದವರು ವಾಪಸ್ ಹೋಗಲಿಲ್ಲ, ಬಾಗಿಲಾಚೆ ಗೋಡೆಗೊರಗಿ ಮೂಗರಳಿಸಿ ನಿಂತಿದ್ದಾರೆ.

ಹದಿನೆಂಟು ನಿಮಿಷ. ಅಕ್ಕ ಬರಲಿಲ್ಲ.

ಈಗ ನಿಮ್ಮ ಮೇಲೆ ನನ್ನ ದೂರು. ಮೊದಲನೆಯದಾಗಿ ‘ಸುಲಭ’. ಈ ಪದಕ್ಕಾಗಿ ತಮ್ಮ ಮೇಲೆ ಮೊಕದ್ದಮೆ ಹೂಡಬೇಕೆಂದಿದ್ದೇನೆ. ಕಾಲ ಅಡ್ಡ ಬಂದಿದೆ. ಆಮೇಲೆ, ಮುಚ್ಚಳ ತೆಗೀಬೇಡ ಎನ್ನುತ್ತೀರಿ. ಸರಿ. ಮರುಸಾಲಿನಲ್ಲೇ ಮೆತ್ತಗಾದ ಮೇಲೆ ಮಸಿ ಎನ್ನುತ್ತೀರಿ. ಮುಚ್ಚಳ ತೆಗೆಯದೆ ಮೆತ್ತಗಾಗಿದೆ ಎಂದು ತಿಳಿಯುವುದು ಹೇಗೆ? ಕೂಗಿ ಕೇಳುವುದೇ? ‘ಒಂದು ಕುದಿ’ ಎಂದರೆ ಎಷ್ಟು? ಒಂದು ಗುಳ್ಳೆಯೇ, ಒಂದು ಸಾಲು ಗುಳ್ಳೆಯೇ, ಎಲ್ಲ ಗುಳ್ಳೆಗಳೂ ಒಂದೊಂದು ಸಲವೇ? ‘ರುಚಿಗೆ ತಕ್ಕಷ್ಟು’ ಎಂದಿರಿ. ಯಾರ ರುಚಿಗೆ? ಹುಟ್ಟಿದಾಗಿನಿಂದ ಗೋಡೆಮುದ್ದೆ ನುಂಗಿದ ನಾಲಿಗೆಗೆ ಉಪ್ಪು ಎಂದರೆ ಒಂದು ಗಾಳಿಮಾತು. ನಮ್ಮಲ್ಲಿ ಉಪ್ಪು ಇರುವುದು ಮೇಕೆಗಳಿಗೆ ನೆಕ್ಕಲು. ಅಮ್ಮನ್ನ ಕೇಳು ಎಂದಿರಿ. ನಮ್ಮಮ್ಮ ತೀರಿಕೊಂಡು ಒಂಬತ್ತು ವರ್ಷವಾಯಿತು, ಇದ್ದಿದ್ದರೂ ಮುದ್ದೆಗುಂಡಿ ಒತ್ತುವುದು ಬಿಟ್ಟರೆ ಅವಳಿಗೂ ಏನೂ ಗೊತ್ತಿರಲಿಲ್ಲ. ನಮ್ಮಲ್ಲಿ ಕೇಳಬಹುದಾದ ಕೊನೆಯ ಅಮ್ಮ ತೀರಿಕೊಂಡು ಇನ್ನೂರು ವರ್ಷವಾಗಿದೆ. ಈ ಚೀಟಿಯಲ್ಲಿ ಎಲ್ಲ ಬರೆದು, ಮುಖ್ಯವಾದದ್ದು ಬಂದ ಕಡೆಯೆಲ್ಲ ಪಕ್ಕದ ಕೋಣೆಯಲ್ಲಿರುವ ಒಬ್ಬ ಹೆಂಗಸಿನ ಕಡೆ ಕೈ ತೋರಿಸಿ ಕೂತುಬಿಟ್ಟಿದ್ದೀರಿ!

ಇಪ್ಪತ್ತೊಂದು. ಗುಳುಗುಳು ಎನ್ನುತ್ತಿದೆ. ಮುಚ್ಚಳ ಸಣ್ಣಗೆ ನಡುಗುತ್ತಿದೆ. ನಾನೂ.

ಇಪ್ಪತ್ತನಾಲ್ಕು. ಸದ್ದು ಬದಲಾಯಿತು. ಮೊದಲು ಮಾತಾಡಿದಂತಿತ್ತು, ಈಗ ಗೊಣಗಿದಂತಿದೆ. ನೀರು ಮುಗಿಯುತ್ತಿದೆಯೇ? ಬಾಗಿಲಾಚೆಯವರಲ್ಲಿ ಒಬ್ಬರು, "ತೆಗ್ದು ನೋಡಪ್ಪಾ, ನಾವು ಯಾರ್ಗೂ ಹೇಳಲ್ಲ" ಎಂದರು. ಇನ್ನೊಬ್ಬರು, "ತೆಗೀಬೇಡ, ಪ್ರಾರ್ಥನೇಲೇ ಇದೆ" ಎಂದರು. ಲಿಫ್ಟಿನ ಕಡೆಯಿಂದ ಸುದ್ದಿ ಬಂತು: ಆರನೇ ಮಟ್ಟದಲ್ಲಿ ಸಾಲು ಉದ್ದವಿದೆಯಂತೆ, ಪಂಚರು ಅಕ್ಕನ ಜೊತೆ ಸಾಲಿನಲ್ಲಿದ್ದಾರಂತೆ. ಇಪ್ಪತ್ತಾರು ನಿಮಿಷ. ಹಾಲು ಹಾಕಬೇಕು. ಮಸೆಯಬೇಕು. ಸೆಲ್ವಮಣಿ ಮರಳಿನ ಬಕೆಟ್ಟು ತಂದು ಬಾಗಿಲಲ್ಲಿಟ್ಟು ಗಡಿಯಾರ ನೋಡುತ್ತಿದ್ದಾನೆ. ತೆಗೆದರೆ ತಮ್ಮನಲ್ಲ. ತೆಗೆಯದಿದ್ದರೆ ಬಳ್ಳಿಯಿಲ್ಲ.

ಇಲ್ಲಿ ಪೆನ್ನು ಕೆಳಗಿಡುತ್ತಿದ್ದೇನೆ. ಬಾಡಿಗೆದಾರನು ತನ್ನ ಸ್ವಂತ ಹೊಣೆಗಾರಿಕೆಯ ಮೇಲೆ ನಡೆದುಕೊಳ್ಳತಕ್ಕದ್ದು.

ಮತ್ತೆ ಬರೆಯುತ್ತಿದ್ದೇನೆ. ಅಕ್ಷರ ವಕ್ರವಾಗಿದ್ದರೆ ಬೆರಳು ಸುಟ್ಟಿದೆ ಎಂದು ತಿಳಿಯಿರಿ.

ತೆಗೆದೆ. ಆವಿ ಮುಖಕ್ಕೆ ಬಡಿಯಿತು. ಕಣ್ಣು ಬಿಟ್ಟಾಗ ಸ್ವಲ್ಪವೇ ನೀರಿತ್ತು, ಇನ್ನೆರಡು ನಿಮಿಷ ಬಿಟ್ಟಿದ್ದರೆ ತಳ ಹಿಡಿಯುತ್ತಿತ್ತು. ಸೌಟಿನ ಹಿಂಬದಿಯಿಂದ ಒಂದು ಹೋಳನ್ನು ಒತ್ತಿದೆ. ಅದು ಜಗಳವಾಡದೆ ಕುಸಿಯಿತು. ಎಲ್ಲ ಹೋಳುಗಳನ್ನೂ ಹಾಗೇ ಮಸೆದೆ. ಹಾಲು ಹೊಯ್ದೆ. ಬೂದುಬಣ್ಣ ಬಿಟ್ಟರೆ ಬೇರೆ ಊಟದ ಬಣ್ಣ ಕಾಣದ ನನ್ನ ಕಣ್ಣೆದುರು, ಪಾತ್ರೆಯೊಳಗೆ ದೀಪ ಹಚ್ಚಿದ ಹಾಗೆ ಒಂದು ಹಳದಿ ಹರಡಿಕೊಂಡಿತು. ಸೆಲ್ವಮಣಿ ಗಡಿಯಾರದಿಂದ ಕಣ್ಣು ತೆಗೆದು ಪಾತ್ರೆಯೊಳಗೆ ಇಣುಕಿ, "ಅಣ್ಣಾ, ಇದು ಹಿಂಗೇ ಇರ್ಬೇಕಾ?" ಎಂದ. "ನಂಗೇನಪ್ಪಾ ಗೊತ್ತು" ಎಂದೆ. ಒಂದು ಗುಳ್ಳೆ ಬಂತು. ಒಂದು ಕುದಿಯೇ? ಇಬ್ಬರೂ ಬಗ್ಗಿ ಎಣಿಸಿದೆವು. ಮೂರು ಬಂದವು. ಅಂಚಿನ ಸುತ್ತಲೂ ಬಂದವು. ಮೇಲೇರತೊಡಗಿತು. "ಅಣ್ಣಾ, ಎದ್ದು ಬರ್ತಾ ಇದೆ!" ಎಂದು ಸೆಲ್ವಮಣಿ ಕೂಗಿದ. ಶಾಲು ಸುತ್ತಿ ಇಳಿಸಿಬಿಟ್ಟೆ. ಬೆಂಕಿಗೆ ಅವನೇ ಮರಳು ಹಾಕಿದ. ಮೂವತ್ತೈದನೇ ನಿಮಿಷ, ಅವನ ನೌಕರಿಯಲ್ಲೇ ಮೊದಲ ಸಲ ಹೊತ್ತಿಗೆ ಮುಂಚೆ.

ಉಪ್ಪಿನ ಮಾತು ಚುಟುಕಾಗಿ ಹೇಳುತ್ತೇನೆ. ಒಂದು ಚಿಟಿಕೆ ಹಾಕಿ ನೋಡಿದೆ. ಗೊತ್ತಾಗಲಿಲ್ಲ. ಇನ್ನೊಂದು ಚಿಟಿಕೆ. ಗೊತ್ತಾಗಲಿಲ್ಲ. ಮೂರನೆಯದಕ್ಕೆ ನಾಲಿಗೆಯ ಬದಿಗಳು, ಇಷ್ಟು ವರ್ಷ ಬೀಗ ಹಾಕಿದ್ದ ಎರಡು ಕೋಣೆಗಳ ಹಾಗೆ, ತೆರೆದುಕೊಂಡವು. ಆಮೇಲೆ ಉಪ್ಪು ನೋಡುವ ಅಗತ್ಯವಿರಲಿಲ್ಲ. ಆದರೂ ನಾಲ್ಕು ಸಲ ನೋಡಿದೆ. ಸೆಲ್ವಮಣಿ ಎರಡು ಸಲ ನೋಡಿ, "ಡ್ಯೂಟಿ ಮೇಲೆ ಇದೀನಿ" ಎಂದು ಮೂರನೇ ಸಲವೂ ನೋಡಿದ.

ಅಕ್ಕ ಪಂಚರೊಡನೆ ಬಂದಳು. ಬಾಗಿಲಲ್ಲೇ ನಿಂತಳು. ನೆಲದ ಮೇಲೆ ಬಿದ್ದಿದ್ದ ಮುಚ್ಚಳವನ್ನು ನೋಡಿದಳು, ನನ್ನನ್ನು ನೋಡಿದಳು, ಪಾತ್ರೆಯ ಕಡೆ ಮೂಗು ತಿರುಗಿಸಿದಳು. ತಮ್ಮನೋ ಅಲ್ಲವೋ ಎಂಬ ತೀರ್ಪನ್ನು ಮುಂದೂಡಿದಳು.

ಮೂರು ಬಟ್ಟಲಿಗೆ ಹಾಕಿಕೊಟ್ಟಳು. ಬೈಚಪ್ಪ ಕುಡಿದರು. ಉಳಿದ ಇಬ್ಬರೂ ಅವರು ಕುಡಿದದ್ದನ್ನು ನೋಡಿ ಕುಡಿದರು. ಎಲ್ಲರೂ ಮಣಿಕಟ್ಟಿನ ಕಡೆ ಬಗ್ಗಿದೆವು. ಬೈಚಪ್ಪನವರ ಒಂದು ಚುಕ್ಕಿ ಒಂದಾಗಿಯೇ ಇತ್ತು. ಉಳಿದವರದೂ ಅಲುಗಲಿಲ್ಲ. ಆ ಪಟ್ಟಿಗಳಿಗೆ ಗೋಡೆಮುದ್ದೆಯ ಪರಿಚಯವಷ್ಟೇ ಇರುವುದು ಎಂದು ಈಗ ಅನಿಸುತ್ತದೆ; ಆಗ ಯಾರಿಗೂ ಅದು ಹೊಳೆಯಲಿಲ್ಲ. ಅಕ್ಕ ಗೋಡೆಗೆ ಕೈ ಊರಿದಳು. ಬೈಚಪ್ಪ ಬಲಗೈಯಲ್ಲಿ ಪೆನ್ನು ತೆಗೆದು ನಮೂನೆಯ ‘ಚುಕ್ಕಿ’ ಎಂಬ ಅಂಕಣದಲ್ಲಿ ‘ಸೊನ್ನೆ’ ಎಂದು ಬರೆದರು. ಬರೆಯುತ್ತಿರುವಾಗಲೇ ಅವರ ಎಡಗೈ ಖಾಲಿ ಬಟ್ಟಲನ್ನು ಪಾತ್ರೆಯ ಕಡೆ ಚಾಚಿತು.

ಅಕ್ಕ ಅದನ್ನೇ ನೋಡಿದಳು. "ಏನಣ್ಣಾ ಅದು ಕೈ?"

"ಯಾವ ಕೈ?"

"ಬಟ್ಟಲು ಹಿಡ್ಕೊಂಡಿರೋ ಕೈ."

ಬೈಚಪ್ಪ ತಮ್ಮ ಎಡಗೈಯನ್ನು ಯಾರದೋ ಕೈ ತಮ್ಮ ತೋಳಿಗೆ ಬಂದು ಸೇರಿಕೊಂಡಿದೆ ಎಂಬಂತೆ ನೋಡಿದರು. "ಸ್ವಲ್ಪ ಹಾಕಮ್ಮ. ಪರೀಕ್ಷೆಗೆ."

"ಪರೀಕ್ಷೆ ಮುಗೀತಲ್ಲಣ್ಣಾ. ಸೊನ್ನೆ ಬರ್ದ್ರಲ್ಲ."

"ಅದು ಚುಕ್ಕಿ ಲೆಕ್ಕ. ಇದು..."

"ಇದು?"

ಅವರಿಗೆ ಪದ ಸಿಗಲಿಲ್ಲ. ಹಳೆನುಡಿ ಕಚೇರಿಯವನಾದ ನನಗೂ ಸಿಗಲಿಲ್ಲ. ಸೆಲ್ವಮಣಿ ಬಕೆಟ್ಟಿನ ಮೇಲೆ ಕೂತಲ್ಲಿಂದಲೇ ಹೇಳಿದ: "ಬೈಚಪ್ಪಣ್ಣಾ, ತಪ್ಪು ತಿಳ್ಕೋಬೇಡಿ. ನಾನು ಹುಟ್ಟಿದಾಗಿಂದ ನೋಡಿದೀನಿ, ಗೋಡೆಮುದ್ದೇನ ಯಾರಾದ್ರೂ ಇನ್ನೊಂದು ಹಾಕು ಅಂತ ಕೇಳಿದ್ದು ನೋಡಿಲ್ಲ. ಚುಕ್ಕಿ ನಂದಿದ್ ಮೇಲೆ ಗುಂಡಿ ಒತ್ತುತ್ತಾರೆ. ಚುಕ್ಕಿ ಇರೋವಾಗ್ಲೇ ಕೈ ಚಾಚಿದ್ದು ನೀವೇ ಫಸ್ಟು."

ಹಿಂದಿನಿಂದ ಕೆರೆಯುವ ಸದ್ದು ಬಂತು. ತಿರುಗಿ ನೋಡಿದರೆ ತಲೆಯಾಡಿಸುವ ಇಬ್ಬರು ಪಂಚರು ಯಾರ ಅಪ್ಪಣೆಗೂ ಕಾಯದೆ ಒಂದೇ ಸೌಟಿಗೆ ಇಬ್ಬರೂ ಕೈ ಹಾಕಿ ಎಳೆದಾಡುತ್ತಿದ್ದರು. ಅಕ್ಕ ಸೌಟು ಕಿತ್ತುಕೊಂಡು ಬೆನ್ನ ಹಿಂದೆ ಹಿಡಿದು ನಿಂತಳು. "ಮೊದ್ಲು ಬಳ್ಳಿ ಬಿಡಿ. ಆಮೇಲೆ ಸೌಟು."

"ಇದು ಲಂಚ ಆಗ್ತದಮ್ಮಾ," ಎಂದರು ಬೈಚಪ್ಪ, ಬಟ್ಟಲನ್ನು ಹಿಂತೆಗೆಯದೆ.

"ಊಟ ಅಂತ ಬರ್ದ್ರೆ ಊಟ. ಲಂಚ ಅಂತ ಬರ್ದ್ರೆ ಲಂಚ. ಏನೋ ಒಂದು ಬರೀರಿ, ಆರ್ತಾ ಇದೆ."

ಬೈಚಪ್ಪ ಚುಕ್ಕಿಯ ಅಂಕಣದ ಪಕ್ಕದಲ್ಲಿ, ಒಂದು ಕೈಯಲ್ಲಿ ಬಟ್ಟಲಿದ್ದುದರಿಂದ ಸೊಟ್ಟಗೆ, ಒಂದು ಗೆರೆ ಎಳೆದರು. ಮೇಲೆ ‘ಮತ್ತೆ ಕೇಳಿದವರು’ ಎಂದು ಬರೆದರು. ಕೆಳಗೆ ‘ಮೂರು’ ಎಂದು ಬರೆದು ಸಹಿ ಹಾಕಿದರು. ಸೆಲ್ವಮಣಿ ಕೆಮ್ಮಿದ. ಅದನ್ನು ತಿದ್ದಿ ‘ನಾಲ್ಕು’ ಮಾಡಿದರು.

ಅಕ್ಕ ಸೌಟು ಮುಂದೆ ತಂದಳು. ಅವಳ ಅವಸರಕ್ಕೆ ಅರ್ಧ ಸೂಪು ಬಟ್ಟಲಿನ ಹೊರಗೇ ಬಿತ್ತು. ಕಾಯಿ ಹೆಚ್ಚುವಾಗ ತೆಗೆದಿಟ್ಟಿದ್ದ ನೂರೆಂಟು ಬೀಜಗಳನ್ನು ನಾಳೆಯಿಂದ ಮನೆಮನೆಗೆ ಹಂಚುತ್ತಾರೆ. ಬಳ್ಳಿ ಅವಳ ಕೊಟ್ಟಿಗೆಯಲ್ಲೇ ಇರುತ್ತದೆ. ಬಾಗಿಲಾಚೆಯ ಗೋಡೆಗೊರಗಿದ್ದವರು ಅಷ್ಟರಲ್ಲಿ ಒಳಗೆ ಬಂದಿದ್ದರು. ನಾಲ್ಕೇ ನಿಮಿಷಕ್ಕೆ ಪಾತ್ರೆ ಖಾಲಿಯಾಯಿತು. ಪಾತ್ರೆ ಕಾದವನಿಗೆ ಬಟ್ಟಲು ಸಿಗಲಿಲ್ಲ. "ಉಪ್ಪು ನೋಡ್ದಾಗ್ಲೇ ಕುಡ್ದಿದೀಯಲ್ಲ" ಎಂದಳು ಅಕ್ಕ. ಆಮೇಲೆ ನೆಲದಿಂದ ಮುಚ್ಚಳ ಎತ್ತಿ, ಅದರ ಒಳಮೈಗೆ ಅಂಟಿದ್ದ ಹಳದಿಯನ್ನು ನೋಡಿ, ನನ್ನ ಕೈಗೆ ಕೊಟ್ಟಳು. "ತಗೋ, ತಮ್ಮಾ." ಅದನ್ನು ಬೆರಳಲ್ಲಿ ಬಳಿದು ನೆಕ್ಕುತ್ತಾ ಈ ಕೊನೆಯ ಸಾಲುಗಳನ್ನು ಬರೆಯುತ್ತಿದ್ದೇನೆ. ಕಾಗದದ ಮೇಲೆ ಕಲೆ ಕಂಡರೆ ಅದು ಇದೇ.

ಈ ಕಲೆಯನ್ನು ನೋಡುತ್ತಿದ್ದಾಗಲೇ ನನಗೆ ಹೊಳೆಯಿತು, ಹೊಳೆದಾಗಿನಿಂದ ಮತ್ತೆ ಕೂತಲ್ಲಿ ಕೂರಲಾಗುತ್ತಿಲ್ಲ. ಹಿಂದಂಚೆ ನಿಜವಾಗಿ ಕೆಲಸ ಮಾಡುವುದಾದರೆ? ನೀವು ಆ ಚೀಟಿ ಬರೆಯುವ ಮೊದಲೇ ಇದು ನಿಮ್ಮ ಕೈ ಸೇರಿದರೆ? ಆದ್ದರಿಂದ ನನ್ನ ಕೋರಿಕೆಯನ್ನು ಗಮನವಿಟ್ಟು ಓದತಕ್ಕದ್ದು. ನಾನು ಮೇಲೆ ಏನೇ ಬೈದಿದ್ದರೂ ಮರೆತುಬಿಡಿ. ಯಾವ ಅಳತೆಯನ್ನೂ ತಿದ್ದಬೇಡಿ. ಒಂದು ದಿನ ನಿಮಗೆ ಆಟ ಸಾಕೆನಿಸಿ ಎದ್ದು ಅಡುಗೆಮನೆಗೆ ಹೋಗುತ್ತೀರಿ. ಕುಂಬಳಕಾಯಿ ಹೆಚ್ಚುತ್ತೀರಿ, ಬೀಜ ತುಂಬಿದ ತಿರುಳಿನೊಳಗೆ ಕೈ ಹಾಕುತ್ತೀರಿ. ಮಧ್ಯದಲ್ಲಿ ಮರೆತುಹೋಗುವ ಭಯಕ್ಕೆ ಅದೇ ಕೈಯಲ್ಲಿ ಚೀಟಿ ಎಳೆದುಕೊಂಡು ಬರೆಯಲು ಕೂರುತ್ತೀರಿ. ಆಗ ನಿಮ್ಮ ಅಮ್ಮ ಹಿಂದಿನಿಂದ ಬಂದು, ಮೊದ್ಲು ಕೈ ತೊಳಿ ಎಂದು ಗದರುತ್ತಾರೆ. ಪೆನ್ನು ಕಿತ್ತುಕೊಂಡು ಬರೆದೂ ತೋರಿಸುತ್ತಾರೆ, ಎರಡು ಗೆರೆ ಎಳೆದು.

ಅಮ್ಮನ ಮಾತು ದೊಡ್ಡದು. ಇಲ್ಲಿ ಅದನ್ನು ದಿನಾ ಬೆಳಗ್ಗೆ ಕೈಮುಗಿದು ಹೇಳುತ್ತೇವೆ. ಆದರೆ ಆ ಒಂದು ದಿನ ಮಾತ್ರ, ದಯವಿಟ್ಟು, ಕೈ ತೊಳೆಯಬೇಡಿ. ಹಾಗೇ ಚೀಟಿ ಮಡಿಸಿ ಡಬ್ಬಿಗೆ ಹಾಕಿ. ಮುಚ್ಚಳವನ್ನು ಬಿಗಿಯಾಗಿ ಮುಚ್ಚಿ.

ತಮ್ಮ ಆಗಮನಾಭಿಲಾಷಿ, ಸಕುಟುಂಬ ಸಪರಿವಾರ,
ಪಿಳ್ಳಪ್ಪ